ಡೇಟಾಬೇಸ್ ರೆಪ್ಲಿಕೇಷನ್ ಮತ್ತು ಡಿ.ಆರ್. ಕೇಂದ್ರ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸರ್ಕಾರಿ ದಾಖಲೆಗಳ ಹಿನ್ನೆಲೆಯಲ್ಲಿ

ಒಂದು ಡೇಟಾಬೇಸಿನಲ್ಲಿ ಆಗುವ ಪ್ರತಿಯೊಂದು ಬದಲಾವಣೆಯನ್ನೂ ದೂರದ ಊರಿನ ಮತ್ತೊಂದು ಡೇಟಾ ಸೆಂಟರ್‌ನಲ್ಲಿರುವ ಡೇಟಾಬೇಸಿಗೆ ಬಿಡದೆ ದಾಟಿಸುತ್ತ, ಎರಡನ್ನೂ ಸರಿಸಮವಾಗಿ ಇಟ್ಟುಕೊಳ್ಳುವ ಏರ್ಪಾಟಿಗೆ ರೆಪ್ಲಿಕೇಷನ್ ಎನ್ನುತ್ತಾರೆ. ಬೆಂಕಿ, ನೆರೆ, ವಿದ್ಯುತ್ ಕಡಿತ, ಡಿಸ್ಕ್ ಕೆಡುವುದು, ಯಾವ ಕಾರಣಕ್ಕೆ ಮೊದಲನೆಯದು ನಿಂತರೂ ಎರಡನೆಯದು ಕೆಲಸವನ್ನು ಕೈಗೆತ್ತಿಕೊಳ್ಳಬೇಕು ಎಂಬುದು ಇದರ ಉದ್ದೇಶ. ಹಾಗೆ ಕೈಗೆತ್ತಿಕೊಳ್ಳುವುದು ಫೇಲ್‌ಓವರ್. ದೂರದ ಆ ಕೇಂದ್ರವನ್ನು ಕಚೇರಿಗಳಲ್ಲಿ ಡಿ.ಆರ್. ಸೈಟ್ ಎಂದೇ ಕರೆಯುತ್ತಾರೆ. ಡಿಸಾಸ್ಟರ್ ರಿಕವರಿ, ಅಂದರೆ ವಿಪತ್ತಿನಿಂದ ಚೇತರಿಸಿಕೊಳ್ಳುವ ಕೇಂದ್ರ.

ಪ್ರತಿ ಮಾಡುವ ತಂತ್ರ ಈಗ ಎಲ್ಲ ಪ್ರಮುಖ ಡೇಟಾಬೇಸುಗಳ ಒಳಗೇ ಇದೆ. ಒರೇಕಲ್‌ನಲ್ಲಿ ಡೇಟಾ ಗಾರ್ಡ್, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಲಾಗ್ ಶಿಪ್ಪಿಂಗ್ ಇವೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ 2010ರ 9.0 ಆವೃತ್ತಿಯಲ್ಲಿ ಸ್ಟ್ರೀಮಿಂಗ್ ರೆಪ್ಲಿಕೇಷನ್ ಬಂತು. ಹಾಗಾಗಿ ಪ್ರತಿ ಮಾಡುವುದು ಕಷ್ಟದ ಕೆಲಸವಲ್ಲ. ಎರಡು ಪ್ರತಿಗಳಿರುವಾಗ ಯಾವುದರ ಮಾತು ನಡೆಯಬೇಕು, ಅದನ್ನು ಯಾರು, ಎಷ್ಟು ಹೊತ್ತಿನೊಳಗೆ ತೀರ್ಮಾನಿಸಬೇಕು ಎಂಬುದು ಕಷ್ಟ. ಹಲವು ದೊಡ್ಡ ವೈಫಲ್ಯಗಳು ಹುಟ್ಟಿರುವುದು ಇಲ್ಲಿಯೇ.

ಖಜಾನೆ ಮತ್ತು ಭೂಮಿ

ಕರ್ನಾಟಕದ ಸರ್ಕಾರಿ ವ್ಯವಹಾರದಲ್ಲಿ ಇದರ ಒಂದು ಆರಂಭಿಕ ಉದಾಹರಣೆ ಖಜಾನೆ ಯೋಜನೆ. 1999-2000ರಲ್ಲಿ ಮಂಜೂರಾಗಿ 2002ರ ನವೆಂಬರ್‌ನಲ್ಲಿ ಜಾರಿಗೆ ಬಂದ ಇದು ರಾಜ್ಯದ ಇನ್ನೂರಕ್ಕೂ ಹೆಚ್ಚು ಜಿಲ್ಲಾ ಖಜಾನೆ ಮತ್ತು ಉಪಖಜಾನೆಗಳನ್ನು ವಿ-ಸ್ಯಾಟ್ ಉಪಗ್ರಹ ಸಂಪರ್ಕದ ಮೂಲಕ ಬೆಂಗಳೂರಿನ ಕೇಂದ್ರ ಸರ್ವರ್‌ಗೆ ಜೋಡಿಸಿತು. ಆಯಾ ದಿನದ ಬಿಲ್ಲು, ಚಲನ್, ಪಿಂಚಣಿ ವ್ಯವಹಾರಗಳು ಖಜಾನೆಗಳಿಂದ ಬೆಂಗಳೂರಿಗೆ ಸೇರುತ್ತಿದ್ದವು. ಬೆಂಗಳೂರಿನ ದತ್ತಾಂಶ ಧಾರವಾಡದ ಡಿ.ಆರ್. ಕೇಂದ್ರಕ್ಕೆ ಪ್ರತಿಯಾಗುತ್ತಿತ್ತು. ಕೇಂದ್ರ ಸರ್ವರ್ ಕೈಕೊಟ್ಟರೆ ಧಾರವಾಡ ಅದರ ಜಾಗದಲ್ಲಿ ನಿಲ್ಲಬೇಕು ಎಂಬುದು ಯೋಜನೆ. ಸರ್ಕಾರದ ಹಣದ ಲೆಕ್ಕವನ್ನು ಒಂದೇ ಊರಿನ ಒಂದೇ ಕಟ್ಟಡಕ್ಕೆ ನಂಬಿ ಬಿಡಬಾರದೆಂದು ಇಪ್ಪತ್ತು ವರ್ಷಕ್ಕೂ ಹಿಂದೆಯೇ ಯೋಚಿಸಿದ್ದು ಗಮನಾರ್ಹ. ಆಗ ದೇಶದ ಎಷ್ಟೋ ಬ್ಯಾಂಕುಗಳ ಶಾಖೆಗಳು ತಮ್ಮ ತಮ್ಮ ಲೆಕ್ಕವನ್ನು ಶಾಖೆಯ ಕಂಪ್ಯೂಟರಿನಲ್ಲೇ ಇಟ್ಟುಕೊಂಡಿದ್ದವು.

ವಿ-ಸ್ಯಾಟ್ ಆಯ್ಕೆಗೂ ಕೆಲಸದ ಬಗೆಗೂ ನೇರ ಸಂಬಂಧವಿದೆ. ಭೂಸ್ಥಿರ ಉಪಗ್ರಹ ಭೂಮಿಯಿಂದ 35,786 ಕಿ.ಮೀ. ಮೇಲಿರುತ್ತದೆ. ತಾಲ್ಲೂಕಿನಿಂದ ಹೊರಟ ಕೋರಿಕೆ ಮೇಲೇರಿ ಬೆಂಗಳೂರಿಗಿಳಿದು, ಉತ್ತರ ಮತ್ತೆ ಮೇಲೇರಿ ತಾಲ್ಲೂಕಿಗಿಳಿಯುವ ಹೊತ್ತಿಗೆ ಅರ್ಧ ಸೆಕೆಂಡಿನ ಹತ್ತಿರ ಕಳೆದಿರುತ್ತದೆ. ಒಂದು ಬಿಲ್ಲು ಪಾಸು ಮಾಡಲು ಸರ್ವರ್‌ನೊಡನೆ ಮೂವತ್ತು ನಲವತ್ತು ಬಾರಿ ಮಾತಾಡಬೇಕಾದರೆ ಕೌಂಟರಿನ ಮುಂದೆ ಸಾಲು ಬೆಳೆಯುತ್ತದೆ. ಅದಕ್ಕೇ ಕೆಲಸ ಸ್ಥಳೀಯ ಸರ್ವರ್‌ನಲ್ಲಿ ನಡೆದು, ಫಲಿತಾಂಶ ಒಟ್ಟಾಗಿ ಮೇಲಕ್ಕೆ ಹೋಗುವ ವಿನ್ಯಾಸ ಆ ಕಾಲಕ್ಕೆ ತಕ್ಕುದಾಗಿತ್ತು. ಮುಂದಿನ ದಶಕದಲ್ಲಿ ಬಂದ ಖಜಾನೆ-2 ಎಲ್ಲವನ್ನೂ ಕೇಂದ್ರದಿಂದಲೇ ನಡೆಸುವ ವೆಬ್ ವ್ಯವಸ್ಥೆ.

ಕಂದಾಯ ಇಲಾಖೆಯ ಭೂಮಿ ಯೋಜನೆಯ ದಾರಿಯೂ ಸುಮಾರಾಗಿ ಇಂಥದೇ. ಅದಕ್ಕೆ ಮೊದಲು ಪಹಣಿ ಕೈಬರಹದ ಪುಸ್ತಕವಾಗಿ ಸುಮಾರು 9,000 ಗ್ರಾಮ ಲೆಕ್ಕಿಗರ ಬಳಿ ಹಂಚಿಹೋಗಿತ್ತು. ಒಂದು ಊರಿನ ಚಾಲ್ತಿ ಪಹಣಿ ಎಂದರೆ ಲೆಕ್ಕಿಗರ ಕೈಲಿದ್ದ ಆ ಪುಸ್ತಕವೇ. ಅದು ನೆನೆದರೂ ಸುಟ್ಟರೂ ಯಾರಾದರೂ ತಿದ್ದಿದರೂ ಹೋಲಿಸಿ ನೋಡಲು ಜೊತೆಯ ಪ್ರತಿ ಸುಲಭಕ್ಕೆ ಸಿಗುತ್ತಿರಲಿಲ್ಲ. ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ಸಿದ್ಧಪಡಿಸಿದ ತಂತ್ರಾಂಶದಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಅಂದಿನ 177 ತಾಲ್ಲೂಕುಗಳಲ್ಲಿ ಕಂಪ್ಯೂಟರಿಗೆ ಏರಿದವು. ಪ್ರತಿ ತಾಲ್ಲೂಕು ಕಚೇರಿಗೂ ತನ್ನದೇ ಸರ್ವರ್, ತನ್ನದೇ ಡೇಟಾಬೇಸ್. ಚಿಕ್ಕಮಗಳೂರು ಜಿಲ್ಲೆಯಲ್ಲಿ ನೋಡಿದರೆ, ಕೊಪ್ಪದ ಪಹಣಿ ಕೊಪ್ಪದ ಸರ್ವರ್‌ನಲ್ಲಿ, ಶೃಂಗೇರಿಯದು ಶೃಂಗೇರಿಯಲ್ಲಿ, ನರಸಿಂಹರಾಜಪುರದ್ದು ಅಲ್ಲೇ. ಆಮೇಲೆ ದತ್ತಾಂಶ ಬೆಂಗಳೂರಿಗೆ ಬಂದು ಸೇರಿತು. 2006ರ ಸುಮಾರಿಗೆ ಹೋಬಳಿಗಳಲ್ಲಿ ತೆರೆದ ನೆಮ್ಮದಿ ಕೇಂದ್ರಗಳು, ಮುಂದೆ ನಾಡಕಚೇರಿಗಳು, ಈಗ ಮನೆಯಲ್ಲಿ ಕೂತವರ ಮೊಬೈಲು ಎಲ್ಲವೂ ಆ ಕೇಂದ್ರವನ್ನು ನೆಚ್ಚಿಕೊಂಡೇ ಬಂದಿವೆ.

ಇದರಿಂದ ಆದ ಲಾಭ ದೊಡ್ಡದು. ಮೇಗುಂದ ಹೋಬಳಿಯವರು ಪಹಣಿಗಾಗಿ ಕೊಪ್ಪಕ್ಕೆ, ಕಿಗ್ಗ ಹೋಬಳಿಯವರು ಶೃಂಗೇರಿಗೆ ಬಸ್ಸು ಹತ್ತಬೇಕಿಲ್ಲ. ಆದರೆ ಕಳೆದುಕೊಂಡದ್ದೂ ಒಂದಿದೆ, ಅದನ್ನು ಯಾರೂ ಹೆಚ್ಚಾಗಿ ಹೇಳುವುದಿಲ್ಲ. 2002ರಲ್ಲಿ ಬೆಂಗಳೂರಿನ ಸಂಪರ್ಕ ಕಡಿದರೂ ಜನರೇಟರ್‌ನಲ್ಲಿ ಡೀಸೆಲ್ ಇದ್ದರೆ ತಾಲ್ಲೂಕು ಕಚೇರಿ ಪಹಣಿ ಕೊಡಬಲ್ಲದಾಗಿತ್ತು. ಒಂದು ತಾಲ್ಲೂಕಿನ ಸರ್ವರ್ ಕೆಟ್ಟರೆ ಉಳಿದ 176ಕ್ಕೆ ಬಿಸಿ ತಟ್ಟುತ್ತಿರಲಿಲ್ಲ. ಕೇಂದ್ರೀಕರಣದ ನಂತರ ಕೇಂದ್ರ ನಿಂತರೆ ಬೀದರ್‌ನಿಂದ ಚಾಮರಾಜನಗರದವರೆಗೆ ಎಲ್ಲವೂ ನಿಲ್ಲುತ್ತದೆ. ಡಿ.ಆರ್. ಕೇಂದ್ರ ಬ್ಯಾಂಕಿಗೂ ಸರ್ಕಾರಕ್ಕೂ ಅನಿವಾರ್ಯವಾದದ್ದು ಎಲ್ಲವನ್ನೂ ಒಂದೆಡೆ ಕಲೆಹಾಕಿದ್ದರಿಂದ.

ಬದಲಾವಣೆ ದಾಟುವ ಬಗೆ

ಕೊಪ್ಪ ತಾಲ್ಲೂಕಿನ ಒಂದು ಸರ್ವೆ ನಂಬರನ್ನು ಊಹಿಸಿಕೊಳ್ಳೋಣ. 3 ಎಕರೆ 20 ಗುಂಟೆ ಅಡಿಕೆ ತೋಟ; ತಂದೆಯ ನಂತರ ಅಣ್ಣತಮ್ಮಂದಿರಿಬ್ಬರಿಗೆ 1 ಎಕರೆ 30 ಗುಂಟೆಯಂತೆ ಪಾಲಾಗಿದೆ. ಮ್ಯುಟೇಷನ್, ಅಂದರೆ ಹಕ್ಕು ಬದಲಾವಣೆಯ ಅರ್ಜಿ ಆಕ್ಷೇಪಣೆಯ ಅವಧಿ ಮುಗಿಸಿ ಬಂದಿದೆ, ರಾಜಸ್ವ ನಿರೀಕ್ಷಕರು ಬೆರಳಚ್ಚು ಒತ್ತಿ ಅನುಮೋದಿಸುತ್ತಾರೆ. ಡೇಟಾಬೇಸಿನಲ್ಲಿ ಆಗ ಹಲವು ಬದಲಾವಣೆಗಳು ಒಟ್ಟಿಗೇ ಆಗಬೇಕು: ಹಳೆಯ ಹಿಸ್ಸೆ ಮುಚ್ಚಬೇಕು, ಎರಡು ಹೊಸ ಹಿಸ್ಸೆ ಹುಟ್ಟಬೇಕು, 9ನೇ ಕಾಲಂನ ಹೆಸರು ಬದಲಾಗಬೇಕು, 10ನೇ ಕಾಲಂನಲ್ಲಿ ಮ್ಯುಟೇಷನ್‌ನ ಎಂ.ಆರ್. ಸಂಖ್ಯೆ ಕೂರಬೇಕು. ಒಂದು ಆಗಿ ಇನ್ನೊಂದು ಆಗದಿದ್ದರೆ 1 ಎಕರೆ 30 ಗುಂಟೆ ಯಾರದೂ ಅಲ್ಲದ ಜಮೀನಾದೀತು. ಹಾಗಾಗಿ ಇಡೀ ಗುಂಪಿಗೆ ಟ್ರಾನ್ಸಾಕ್ಷನ್ ಎಂಬ ಒಂದೇ ಕಟ್ಟು. ಆದರೆ ಎಲ್ಲ, ಇಲ್ಲವಾದರೆ ಏನೂ ಇಲ್ಲ.

ಡೇಟಾಬೇಸ್ ಈ ಕಟ್ಟನ್ನು ಕೋಷ್ಟಕಗಳಲ್ಲಿ ತಿದ್ದುವುದಕ್ಕೆ ಮೊದಲು ಲಾಗ್ ಎಂಬ ದಿನಚರಿಯಲ್ಲಿ ಬರೆಯುತ್ತದೆ. ಏನು ಬದಲಾಯಿತು, ಯಾವ ಕ್ರಮದಲ್ಲಿ ಎಂಬುದಷ್ಟೇ ಅಲ್ಲಿರುತ್ತದೆ. ಹಿಂದಿನ ಸಾಲನ್ನು ತಿದ್ದುವುದಿಲ್ಲ, ಕೊನೆಗೆ ಸೇರಿಸುತ್ತ ಹೋಗುವುದಷ್ಟೆ. ನಡುವೆ ಕರೆಂಟು ಹೋದರೆ ಮತ್ತೆ ಎದ್ದಾಗ ಸರ್ವರ್ ಈ ಲಾಗ್ ಓದಿಯೇ ತನ್ನನ್ನು ಸರಿಪಡಿಸಿಕೊಳ್ಳುತ್ತದೆ. ರೆಪ್ಲಿಕೇಷನ್ ಎಂದರೆ ಅದೇ ಲಾಗನ್ನು ತಂತಿಯ ಮೂಲಕ ಇನ್ನೊಂದು ಊರಿಗೆ ಕಳಿಸಿ, ಅಲ್ಲಿಯ ಸರ್ವರ್‌ನಿಂದ ಅದೇ ಕ್ರಮದಲ್ಲಿ ಓದಿಸುವುದು. ಕ್ರಮ ತಪ್ಪುವಂತಿಲ್ಲ. ಹಿಸ್ಸೆ ಹುಟ್ಟುವ ಮುಂಚೆ ಅದರ ಮೇಲೆ ಬೆಳೆಸಾಲದ ಋಣ ಏರಿಸಲಾಗದು.

ಅನುಮೋದನೆ ಒತ್ತಿದವರಿಗೆ ‘ಆಯಿತು’ ಎಂದು ಯಾವಾಗ ಹೇಳಬೇಕು? ಬೆಂಗಳೂರಿನ ಡಿಸ್ಕಿನಲ್ಲಿ ಲಾಗ್ ಬಿದ್ದ ಕೂಡಲೇ ಹೇಳಿ, ದೂರದ ಕೇಂದ್ರಕ್ಕೆ ಆಮೇಲೆ ಕಳಿಸಿದರೆ ಅದು ಅಸಿಂಕ್ರೊನಸ್ ವಿಧಾನ. ದೂರದ ಕೇಂದ್ರವೂ ‘ತಲುಪಿತು’ ಎಂದ ಮೇಲಷ್ಟೇ ಹೇಳಿದರೆ ಸಿಂಕ್ರೊನಸ್. ಮೊದಲನೆಯದರಲ್ಲಿ ಕೆಲಸ ಚುರುಕು. ಆದರೆ ಬೆಂಗಳೂರು ಆ ಕ್ಷಣದಲ್ಲೇ ಕುಸಿದರೆ ಇನ್ನೂ ದಾಟದ ಕೆಲವು ಸೆಕೆಂಡುಗಳ ಕೆಲಸ ಹೋದಂತೆ. ಎರಡನೆಯದರಲ್ಲಿ ಏನೂ ಹೋಗುವುದಿಲ್ಲ, ಆದರೆ ಪ್ರತಿ ಸಲವೂ ದೂರದ ಊರಿನ ಉತ್ತರಕ್ಕೆ ಕಾಯಬೇಕು. ತಂತಿ ಕಡಿದರೆ ಇಲ್ಲಿಯ ಕೆಲಸವೂ ನಿಂತೀತು.

ಕಾಯುವ ಹೊತ್ತನ್ನು ಲೆಕ್ಕ ಹಾಕಬಹುದು. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ಬೆಂಗಳೂರಿನಿಂದ ಧಾರವಾಡಕ್ಕೆ ರಸ್ತೆಯ ಗುಂಟ ಸುಮಾರು 430 ಕಿ.ಮೀ. ಹೋಗಿ ಬರಲು 4.3 ಮಿಲಿಸೆಕೆಂಡ್, ನಡುವಿನ ಯಂತ್ರಗಳ ತಡ ಬೇರೆ. ಒಬ್ಬ ಮನುಷ್ಯನಿಗೆ ಇದು ಏನೂ ಅಲ್ಲ. ಆದರೆ ರಾಜ್ಯಕ್ಕೆಲ್ಲ ಕ್ರಮವಾಗಿ ಚಲನ್ ಸಂಖ್ಯೆ ಕೊಡುವ ಒಂದೇ ಸಾಲು ಡೇಟಾಬೇಸಿನಲ್ಲಿದೆ ಎಂದುಕೊಳ್ಳಿ. ಒಬ್ಬರ ಬದಲಾವಣೆ ಪೂರ್ತಿಯಾಗುವವರೆಗೆ ಇನ್ನೊಬ್ಬರು ಅದನ್ನು ಮುಟ್ಟುವಂತಿಲ್ಲ. ಆಗ ಸೆಕೆಂಡಿಗೆ ಹೆಚ್ಚೆಂದರೆ 230ರಷ್ಟು ಚಲನ್. ಹಣಕಾಸು ವರ್ಷ ಮುಗಿಯುವ ಮಾರ್ಚ್ 31ರ ಸಂಜೆ ಇದು ಸಾಲದೆ ಹೋಗಬಹುದು. ಯಂತ್ರಕ್ಕೆ ಎಷ್ಟೇ ದುಡ್ಡು ಸುರಿದರೂ ಬೆಳಕಿನ ವೇಗ ಹೆಚ್ಚುವುದಿಲ್ಲವಾದ್ದರಿಂದ ವಿನ್ಯಾಸವನ್ನೇ ಬದಲಿಸಬೇಕಾಗುತ್ತದೆ.

ಭಾರತದ ಬ್ಯಾಂಕುಗಳೂ ಷೇರುಪೇಟೆಗಳೂ ಇದಕ್ಕೆ ಕಂಡುಕೊಂಡ ದಾರಿ ಮೂರು ಕೇಂದ್ರಗಳದು. ಮುಖ್ಯ ಕೇಂದ್ರ, ಕೆಲವೇ ಕಿಲೋಮೀಟರ್ ದೂರದಲ್ಲಿ ಸಿಂಕ್ರೊನಸ್ ಆಗಿ ಲಾಗ್ ಹಿಡಿದಿಡುವ ನಿಯರ್ ಡಿ.ಆರ್., ನೂರಾರು ಕಿಲೋಮೀಟರ್ ಆಚೆ ಅಸಿಂಕ್ರೊನಸ್ ಆದ ದೂರದ ಡಿ.ಆರ್. ಮುಖ್ಯ ಕೇಂದ್ರ ಸುಟ್ಟುಹೋದರೆ ಹತ್ತಿರದ್ದರಲ್ಲಿ ಉಳಿದ ಕೊನೆಯ ಲಾಗನ್ನು ದೂರದ್ದಕ್ಕೆ ಉಣಿಸಿ ಕೆಲಸ ಶುರುಮಾಡುತ್ತಾರೆ. ಇಡೀ ನಗರಕ್ಕೇ ಆಪತ್ತು ಬಂದರೆ ಮಾತ್ರ ಕೆಲವು ಸೆಕೆಂಡುಗಳ ನಷ್ಟ ಒಪ್ಪಿಕೊಳ್ಳಬೇಕು. ಎಷ್ಟು ಹೊತ್ತಿನ ದತ್ತಾಂಶ ಕಳೆದುಕೊಳ್ಳಲು ಸಿದ್ಧರಿದ್ದೇವೆ ಎಂಬ ಮಿತಿಗೆ ಆರ್‌ಪಿಒ, ಎಷ್ಟು ಹೊತ್ತಿನಲ್ಲಿ ಮತ್ತೆ ಎದ್ದು ನಿಲ್ಲಬೇಕು ಎಂಬ ಮಿತಿಗೆ ಆರ್‌ಟಿಒ ಎನ್ನುತ್ತಾರೆ. ಟೆಂಡರ್ ಕಾಗದಗಳಲ್ಲಿ ಇವೆರಡನ್ನೂ ಸೊನ್ನೆಗೆ ಹತ್ತಿರ ಬರೆದುಬಿಡುವುದು ಸುಲಭ.

ಸರ್ಕಾರಿ ದತ್ತಾಂಶದ ಕೇಂದ್ರಗಳೂ ಹೀಗೆ ಬೇರೆ ಬೇರೆ ಊರುಗಳಲ್ಲಿವೆ. ರಾಜ್ಯ ಡೇಟಾ ಸೆಂಟರ್‌ಗಳ ಯೋಜನೆಗೆ ಕೇಂದ್ರ ಸರ್ಕಾರ 2008ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಎನ್‌ಐಸಿಯ ರಾಷ್ಟ್ರೀಯ ಡೇಟಾ ಸೆಂಟರ್‌ಗಳು ದೆಹಲಿ, ಪುಣೆ, ಹೈದರಾಬಾದ್ ಮತ್ತು ಭುವನೇಶ್ವರದಲ್ಲಿವೆ. ಆಧಾರ್‌ನ ಡೇಟಾ ಸೆಂಟರ್‌ಗಳು ಬೆಂಗಳೂರು ಮತ್ತು ಹರಿಯಾಣದ ಮಾನೇಸರ್‌ನಲ್ಲಿವೆ.

ಯಜಮಾನ ಯಾರು

ಪ್ರತಿ ಎರಡಿದ್ದರೂ ಬರೆಯುವ ಹಕ್ಕು ಒಂದು ಹೊತ್ತಿಗೆ ಒಂದಕ್ಕೇ ಇರಬೇಕು. ಅದನ್ನು ಪ್ರೈಮರಿ ಎನ್ನುತ್ತಾರೆ. ನಿಜವಾದ ತೊಡಕು ಪ್ರೈಮರಿ ಸತ್ತಾಗ ಬರುವುದಲ್ಲ, ಸತ್ತಿತೋ ಇಲ್ಲವೋ ಎಂದು ತಿಳಿಯದಾಗ ಬರುವುದು. ಧಾರವಾಡಕ್ಕೆ ಬೆಂಗಳೂರಿನ ಉತ್ತರ ಬರುತ್ತಿಲ್ಲ ಎಂದಿಟ್ಟುಕೊಳ್ಳೋಣ. ಬೆಂಗಳೂರೇ ಮುಳುಗಿರಬಹುದು, ತುಮಕೂರಿನ ಹತ್ತಿರ ಜೆಸಿಬಿ ಕೇಬಲ್ ಕಿತ್ತಿರಬಹುದು. ಧಾರವಾಡದಲ್ಲಿ ಕೂತು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಎರಡನೆಯದೇ ನಿಜವಾಗಿದ್ದು, ಧಾರವಾಡ ತಾನೇ ಪ್ರೈಮರಿ ಎಂದು ಘೋಷಿಸಿಕೊಂಡರೆ ಇಬ್ಬರು ಯಜಮಾನರು ಹುಟ್ಟುತ್ತಾರೆ. ಇದನ್ನು ಸ್ಪ್ಲಿಟ್ ಬ್ರೈನ್ ಎನ್ನುವುದು ರೂಢಿ. ಪಹಣಿಯ ಡೇಟಾಬೇಸಿಗೇ ಹೀಗಾಯಿತು ಎಂದುಕೊಂಡು ನೋಡಿದರೆ ಇದರ ಕೆಡುಕು ಚೆನ್ನಾಗಿ ತಿಳಿಯುತ್ತದೆ. ನರಸಿಂಹರಾಜಪುರದ ಬ್ಯಾಂಕೊಂದು ರೈತನಿಗೆ ಸಾಲ ಕೊಟ್ಟು 11ನೇ ಕಾಲಂನಲ್ಲಿ ಋಣ ಏರಿಸುತ್ತದೆ. ಅದು ಒಂದು ಪ್ರತಿಯಲ್ಲಿ ಬೀಳುತ್ತದೆ. ಅದೇ ಮಧ್ಯಾಹ್ನ ಉಪನೋಂದಣಿ ಕಚೇರಿಗೆ ಇನ್ನೊಂದು ಪ್ರತಿ ಕಾಣಿಸುತ್ತದೆ, ಅದರಲ್ಲಿ 11ನೇ ಕಾಲಂ ಖಾಲಿ, ಜಮೀನು ಕ್ರಯವಾಗುತ್ತದೆ. ಎರಡು ಗಂಟೆಯ ನಂತರ ತಂತಿ ಕೂಡಿದಾಗ ಎರಡೂ ಕಡೆ ಕಾನೂನುಬದ್ಧವಾಗಿ ಸಹಿಯಾದ ದಾಖಲೆಗಳಿವೆ. ಯಾವುದನ್ನು ಅಳಿಸಬೇಕು? ತಂತ್ರಾಂಶ ಹೇಳಲಾರದು, ಸಿವಿಲ್ ನ್ಯಾಯಾಲಯವೇ ಹೇಳಬೇಕು.

ಇಂಥದ್ದು ದೊಡ್ಡ ಪ್ರಮಾಣದಲ್ಲಿ ಆದದ್ದು, ತಂತ್ರಾಂಶಗಳ ಕೋಡ್ ಇಟ್ಟುಕೊಳ್ಳುವ ಜಾಲತಾಣ ನಡೆಸುವ ಗಿಟ್‌ಹಬ್ ಸಂಸ್ಥೆಯಲ್ಲಿ. 2018ರ ಅಕ್ಟೋಬರ್ 21ರಂದು ಅಮೆರಿಕದ ಪೂರ್ವ ಕರಾವಳಿಯ ಅದರ ಕೇಂದ್ರದ ಸಂಪರ್ಕ ಕೇವಲ 43 ಸೆಕೆಂಡು ಕಡಿಯಿತು. ಫೇಲ್‌ಓವರ್ ತಂತ್ರಾಂಶ ತಾನಾಗಿ ಪಶ್ಚಿಮ ಕರಾವಳಿಯ ಪ್ರತಿಗಳನ್ನು ಪ್ರೈಮರಿ ಮಾಡಿತು. ಪೂರ್ವದಲ್ಲಿ ದಾಟದೆ ಉಳಿದಿದ್ದ ಕೆಲವು ಸೆಕೆಂಡುಗಳ ಬರಹ ಒಂದು ಕಡೆ, ಪಶ್ಚಿಮದಲ್ಲಿ ಆಗಲೇ ಶುರುವಾಗಿದ್ದ ಹೊಸ ಬರಹ ಇನ್ನೊಂದು ಕಡೆ. ಸೇವೆ ಪೂರ್ತಿಯಾಗಿ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು. ಯಂತ್ರ ತನಗೆ ಹೇಳಿದ್ದನ್ನೇ ಚಾಚೂ ತಪ್ಪದೆ ಮಾಡಿತ್ತು.

ಬೆಸ ಸಂಖ್ಯೆಯ ಕೇಂದ್ರಗಳನ್ನಿಟ್ಟು ಬಹುಮತ ಇದ್ದವರೇ ಯಜಮಾನರು ಎಂಬ ನಿಯಮ ಹಾಕಿಕೊಳ್ಳುವುದು ಇದಕ್ಕೆ ಶಾಸ್ತ್ರೀಯ ಪರಿಹಾರ. ಲೆಸ್ಲಿ ಲ್ಯಾಂಪೋರ್ಟ್ ಅವರ ಪ್ಯಾಕ್ಸೋಸ್, 2014ರ ರಾಫ್ಟ್ ಇವು ಆ ದಾರಿಯ ಪ್ರಸಿದ್ಧ ವಿಧಾನಗಳು. ಮೂರನೆಯ ಊರಿನಲ್ಲಿ ಒಂದು ಸಣ್ಣ ಸಾಕ್ಷಿ ಸರ್ವರ್ ಇದ್ದರೂ ಸಾಕು. ಅದರ ಮತ ಸಿಗದ ಕೇಂದ್ರ ಬರೆಯುವುದನ್ನು ತಾನೇ ನಿಲ್ಲಿಸುತ್ತದೆ. ಸರ್ಕಾರಿ ವ್ಯವಸ್ಥೆಗಳಲ್ಲಿ ಹೆಚ್ಚಾಗಿ ಇಷ್ಟು ದೂರ ಹೋಗದೆ, ಅಧಿಕಾರಿಯೊಬ್ಬರು ಹೇಳಿದ ಮೇಲೆ ಸಿಬ್ಬಂದಿ ಕೈಯಾರೆ ಸ್ವಿಚ್ ಮಾಡುವ ಪದ್ಧತಿ ಇರುತ್ತದೆ. ಭೂದಾಖಲೆಯಂಥ ವಿಷಯದಲ್ಲಿ ಇದು ಹಿಂದುಳಿದ ಪದ್ಧತಿ ಎನ್ನಲಾಗದು. ಒಂದು ಗಂಟೆ ಪಹಣಿ ಸಿಗದಿರುವುದಕ್ಕಿಂತ ಒಂದೇ ಜಮೀನಿಗೆ ಎರಡು ಪಹಣಿ ಇರುವುದು ಹೆಚ್ಚು ಕೆಟ್ಟದ್ದು.

ಆದರೆ ಮನುಷ್ಯರಿಗೆ ಬಿಟ್ಟಾಗ ಬೇರೊಂದು ತೊಂದರೆ ಇದೆ: ಯಾರೂ ಹೇಳುವುದಿಲ್ಲ. ‘ಇನ್ನು ಹತ್ತು ನಿಮಿಷ, ಸರಿಯಾಗುತ್ತದೆ’ ಎನ್ನುವುದರಲ್ಲೇ ಅರ್ಧ ದಿನ ಹೋಗುತ್ತದೆ. 2021ರ ಫೆಬ್ರವರಿ 24ರಂದು ಮುಂಬೈನ ರಾಷ್ಟ್ರೀಯ ಷೇರುಪೇಟೆ 11.40ಕ್ಕೆ ನಿಂತದ್ದು ಮತ್ತೆ ಶುರುವಾದದ್ದು ಮಧ್ಯಾಹ್ನ 3.45ಕ್ಕೆ. ಡಿ.ಆರ್. ಕೇಂದ್ರ ಇತ್ತು, ಅದಕ್ಕೆ ಹೋಗಲಿಲ್ಲ. ಮುಂದಿನ ತಿಂಗಳೇ ಷೇರುಪೇಟೆಗಳ ನಿಯಂತ್ರಕ ಸೆಬಿ, ಅಡಚಣೆಯಾದ 30 ನಿಮಿಷದೊಳಗೆ ವಿಪತ್ತು ಎಂದು ಘೋಷಿಸಬೇಕು, ಘೋಷಿಸಿದ 45 ನಿಮಿಷದೊಳಗೆ ಕೆಲಸ ಮತ್ತೆ ಶುರುವಾಗಬೇಕು ಎಂದು ವಿಧಿಸಿತು. 2024ರ ಮಾರ್ಚ್ 2ರ ಶನಿವಾರ ಷೇರುಪೇಟೆಗಳು ವಿಶೇಷ ವಹಿವಾಟು ನಡೆಸಿ, ನಡುವೆಯೇ ಡಿ.ಆರ್.ಗೆ ದಾಟಿ ತೋರಿಸಿದವು. ವರ್ಷಕ್ಕೊಮ್ಮೆ ಕಾಗದದ ಮೇಲೆ ಮಾಡುವ ಅಣಕು ಅಭ್ಯಾಸಕ್ಕೂ ಹೀಗೆ ನಿಜವಾದ ವ್ಯವಹಾರವನ್ನೇ ದಾಟಿಸುವುದಕ್ಕೂ ಅಜಗಜಾಂತರ. ಡಿ.ಆರ್. ಕಡೆಯ ಪಾಸ್‌ವರ್ಡ್ ಅವಧಿ ಮುಗಿದಿರುವುದು, ಲೈಸೆನ್ಸ್ ನವೀಕರಿಸದಿರುವುದು, ಮೂರು ತಿಂಗಳ ಹಿಂದೆ ಮುಖ್ಯ ಕೇಂದ್ರದಲ್ಲಿ ಬದಲಾಯಿಸಿದ ತಂತ್ರಾಂಶ ಅಲ್ಲಿ ಹಳೆಯದೇ ಆಗಿರುವುದು, ಇವೆಲ್ಲ ದಾಟಿದಾಗಲೇ ಗೊತ್ತಾಗುವ ಸಂಗತಿಗಳು. ಮರಳಿ ಮುಖ್ಯ ಕೇಂದ್ರಕ್ಕೆ ಬರುವುದಂತೂ ಇನ್ನೂ ಹೆಚ್ಚು ಕೆಲಸ. ಅಷ್ಟರಲ್ಲಿ ಡಿ.ಆರ್.ನಲ್ಲಿ ಆದ ಬದಲಾವಣೆಗಳನ್ನೆಲ್ಲ ಹಿಮ್ಮುಖವಾಗಿ ದಾಟಿಸಿ, ಎರಡೂ ಸಮ ಎಂದು ತಾಳೆ ನೋಡಬೇಕು.

ಪ್ರತಿ ಇದ್ದರೂ ಬ್ಯಾಕಪ್ ಬೇಕು

ರೆಪ್ಲಿಕೇಷನ್ ಇದೆ, ಇನ್ನು ಬ್ಯಾಕಪ್ ಯಾಕೆ ಎಂಬ ಮಾತು ಅನುಭವಸ್ಥರ ಬಾಯಲ್ಲೂ ಬರುತ್ತದೆ. ಒಂದು ಹಳ್ಳಿಯ ಪಹಣಿಗಳನ್ನು ತಿದ್ದಲು ಹೊರಟವರು ಷರತ್ತು ಬರೆಯಲು ಮರೆತು ಇಡೀ ತಾಲ್ಲೂಕಿನದನ್ನು ತಿದ್ದಿದರೆ ಆ ತಪ್ಪೂ ಲಾಗ್‌ನಲ್ಲಿ ಶಿಸ್ತಾಗಿ ಬೀಳುತ್ತದೆ, ಕೆಲವೇ ಸೆಕೆಂಡಿನಲ್ಲಿ ದೂರದ ಕೇಂದ್ರದಲ್ಲೂ ಜಾರಿಯಾಗುತ್ತದೆ. ಸರಿ ತಪ್ಪು ನೋಡುವುದು ರೆಪ್ಲಿಕೇಷನ್‌ನ ಕೆಲಸವಲ್ಲ. ಹಾಗಾಗಿ ನಿನ್ನೆಯ, ಹೋದ ವಾರದ, ಹೋದ ತಿಂಗಳ ಸ್ಥಿತಿಯನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು. ಲಾಗ್‌ಗಳನ್ನೂ ಕೂಡಿಟ್ಟರೆ ತಪ್ಪು ನಡೆದ ನಿಮಿಷಕ್ಕೆ ಸ್ವಲ್ಪ ಮುಂಚಿನ ಸ್ಥಿತಿಗೆ ಮರಳಬಹುದು. ಬೇಕೆಂದೇ ಒಂದು ಗಂಟೆ ಹಿಂದೆ ಇರುವ ಪ್ರತಿಯೊಂದನ್ನು ಇಟ್ಟುಕೊಳ್ಳುವ ಉಪಾಯವೂ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ 2013ರ 5.6 ಆವೃತ್ತಿಯಿಂದ ಅದಕ್ಕೆ ಅವಕಾಶವಿದೆ.

ಗಿಟ್‌ಲ್ಯಾಬ್ ಸಂಸ್ಥೆಯ 2017ರ ಜನವರಿ 31ರ ಘಟನೆ ಈ ಕ್ಷೇತ್ರದವರಿಗೆಲ್ಲ ಪರಿಚಿತ. ಪ್ರತಿಯ ಸರ್ವರ್ ಹಿಂದೆ ಬಿದ್ದಿತ್ತು; ಅದನ್ನು ಅಳಿಸಿ ಹೊಸದಾಗಿ ಕಟ್ಟಲು ಹೋದ ಎಂಜಿನಿಯರ್ ಆದೇಶ ಕೊಟ್ಟದ್ದು ಪ್ರೈಮರಿಯ ಮೇಲೆ. 300 ಜಿಬಿಯಲ್ಲಿ ಉಳಿದದ್ದು ನಾಲ್ಕೂವರೆ ಜಿಬಿ. ಬ್ಯಾಕಪ್ ಹುಡುಕಿದರೆ, ಬ್ಯಾಕಪ್ ತಂತ್ರಾಂಶದ ಆವೃತ್ತಿ ಡೇಟಾಬೇಸಿನದಕ್ಕೆ ಹೊಂದದೆ ಅದು ಎಷ್ಟೋ ದಿನದಿಂದ ಆಗುತ್ತಲೇ ಇರಲಿಲ್ಲ ಎಂದು ತಿಳಿಯಿತು. ಯಾವುದೋ ಪರೀಕ್ಷೆಗೆಂದು ಆರು ಗಂಟೆ ಮುಂಚೆ ತೆಗೆದಿಟ್ಟ ಒಂದು ಸ್ನ್ಯಾಪ್‌ಶಾಟ್ ಕೈಹಿಡಿಯಿತು. ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರ್‌ನಲ್ಲಿ 2025ರ ಸೆಪ್ಟೆಂಬರ್ 26ರಂದು ಲಿಥಿಯಂ ಬ್ಯಾಟರಿಗಳಿಗೆ ಹತ್ತಿದ ಬೆಂಕಿಯಲ್ಲಿ ಆರುನೂರಕ್ಕೂ ಹೆಚ್ಚು ಸರ್ಕಾರಿ ವ್ಯವಸ್ಥೆಗಳು ನಿಂತವು. ನೌಕರರ ಕಡತಗಳಿದ್ದ ಜಿ-ಡ್ರೈವ್‌ಗೆ ಬೇರೆಡೆ ಪ್ರತಿಯೇ ಇರಲಿಲ್ಲ. 858 ಟೆರಾಬೈಟ್ ಸುಟ್ಟುಹೋಯಿತು. ತಂತ್ರಜ್ಞಾನಕ್ಕೆ ಹೆಸರಾದ ದೇಶವದು.

ಎರಡನೆಯ ಕೇಂದ್ರದಿಂದ ಪ್ರಯೋಜನವೇ ಇಲ್ಲದ ಆಪತ್ತುಗಳೂ ಇವೆ. 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ಮೇಲೆ ಡಿಡಿಒಎಸ್ ದಾಳಿ ನಡೆಯಿತು. ಸುಳ್ಳು ಕೋರಿಕೆಗಳ ಪ್ರವಾಹದಲ್ಲಿ ನೋಂದಣಿ ಕೆಲಸ ಕುಂಠಿತವಾಯಿತು. ಇಂಥ ಹೊತ್ತಿನಲ್ಲಿ ಡಿ.ಆರ್.ಗೆ ದಾಟಿದರೆ ಪ್ರವಾಹವೂ ಹಿಂದೆಯೇ ಬರುತ್ತದೆ, ಏಕೆಂದರೆ ವಿಳಾಸ ಒಂದೇ. ಅದನ್ನು ಬಾಗಿಲಲ್ಲೇ ಸೋಸಬೇಕು. ರ‍್ಯಾನ್ಸಮ್‌ವೇರ್ ಆದರೆ ಸಂಪರ್ಕದಲ್ಲಿರುವ ಪ್ರತಿಗಳನ್ನೆಲ್ಲ ಹುಡುಕಿ ಬೀಗ ಹಾಕುತ್ತದೆ. ಅದರಿಂದ ಉಳಿಯುವುದು ತಂತಿಯಿಂದ ಬಿಡಿಸಿಟ್ಟ ಬ್ಯಾಕಪ್ ಮಾತ್ರ. ಅಡಿಕೆ ವ್ಯವಹಾರದ ಸಣ್ಣ ಸಹಕಾರ ಸಂಘಕ್ಕೆ ಎರಡನೆಯ ಡೇಟಾ ಸೆಂಟರ್ ಕೈಗೆಟುಕುವ ಮಾತಲ್ಲ. ಆದರೆ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಕಟ್ಟಡದಲ್ಲಿ ಎಂಬ ನಿಯಮ ಅದಕ್ಕೂ ಸಾಧ್ಯ. ಬ್ಯಾಕಪ್ ಹಾರ್ಡ್‌ಡಿಸ್ಕನ್ನು ಸರ್ವರ್ ಇರುವ ಕೋಣೆಯ ಬೀರುವಿನಲ್ಲೇ ಇಟ್ಟರೆ ಮಾತ್ರ ಕಟ್ಟಡಕ್ಕೆ ಬಂದದ್ದು ಎರಡಕ್ಕೂ ಬರುತ್ತದೆ.

ತಾಲ್ಲೂಕಿನ ತುದಿ

‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಮಲೆನಾಡಿನ ಕಚೇರಿಗಳ ಮುಂದೆ ಮಳೆಗಾಲದಲ್ಲಿ ದಿನವೂ ಕೇಳುತ್ತದೆ. ಹಾಗೆಂದಾಗ ಬೆಂಗಳೂರಿನ ಸರ್ವರ್ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ರಾಜ್ಯದ ಕೆಸ್ವಾನ್ ಜಾಲ ಬೆಂಗಳೂರಿನಿಂದ ಜಿಲ್ಲೆಗೆ, ಚಿಕ್ಕಮಗಳೂರಿನಿಂದ ತಾಲ್ಲೂಕಿಗೆ ಮೆಟ್ಟಿಲಾಗಿ ಇಳಿಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಮರ ಬಿದ್ದು ಮೆಸ್ಕಾಂ ಲೈನು ತುಂಡಾಗುತ್ತದೆ, ಧರೆ ಕುಸಿದು ರಸ್ತೆ ಬದಿಯ ಫೈಬರ್ ಹೋಗುತ್ತದೆ, ಯುಪಿಎಸ್ ಬ್ಯಾಟರಿ ಮುಗಿಯುತ್ತದೆ. ತುಂಗೆ ಉಕ್ಕಿ ದಡದ ಕಪ್ಪೆ ಶಂಕರ ಗುಡಿ ಮುಳುಗಿ ಗಾಂಧಿ ಮೈದಾನಕ್ಕೆ ನೀರು ಬಂದ ದಿನ ಶೃಂಗೇರಿಯ ಕೌಂಟರಿಗೆ ಧಾರವಾಡದಲ್ಲಿ ಎಷ್ಟು ಪ್ರತಿ ಇದ್ದರೂ ಒಂದೇ. ಉಪಗ್ರಹಕ್ಕೂ ಮಳೆ ಮಿತ್ರನಲ್ಲ: ಕೆಯು ಬ್ಯಾಂಡ್‌ನ ಸಂಕೇತ ಜೋರು ಮಳೆಯಲ್ಲಿ ಕುಗ್ಗುತ್ತದೆ.

ಎಲ್ಲ ಕೆಡುಕಿಗೂ ಒಂದೇ ಹೆಸರಿಡುವುದರಿಂದ ದುಡ್ಡು ತಪ್ಪು ಜಾಗಕ್ಕೆ ಹೋಗುವ ಸಂಭವವಿದೆ. ಕೇಂದ್ರ ನಿಂತಿತ್ತೇ, ನಡುವಿನ ತಂತಿ ಹೋಗಿತ್ತೇ, ಕಚೇರಿಯ ಕರೆಂಟೇ ಇರಲಿಲ್ಲವೇ ಎಂದು ಬೇರೆ ಬೇರೆಯಾಗಿ ದಾಖಲಿಸಿದರೆ ಮಾತ್ರ ಡಿ.ಆರ್.ಗೆ ಹಾಕಿದ ಹಣದಿಂದ ತಾಲ್ಲೂಕಿಗೆ ಏನು ಸಿಕ್ಕಿತು ಎಂದು ಅಳೆಯಬಹುದು. ಪಹಣಿ ಓದಲು ಮತ್ತು ಮುದ್ರಿಸಲು ಮಾತ್ರ ಅವಕಾಶವಿರುವ, ಬರೆಯುವ ಹಕ್ಕಿಲ್ಲದ ಪ್ರತಿಯನ್ನು ತಾಲ್ಲೂಕಿನಲ್ಲೇ ಇಡುವುದು ತಾಂತ್ರಿಕವಾಗಿ ಕಷ್ಟವಲ್ಲ. ಬರೆಯುವ ಹಕ್ಕು ಇಲ್ಲದ್ದರಿಂದ ಇಬ್ಬರು ಯಜಮಾನರ ತೊಡಕೂ ಬರುವುದಿಲ್ಲ. ಮುದ್ರಿಸಿದ ಪಹಣಿಯ ಮೇಲೆ ‘ಇಷ್ಟು ಗಂಟೆಗೆ ಇದ್ದಂತೆ’ ಎಂದು ಹೊತ್ತನ್ನು ನಮೂದಿಸಿದರಾಯಿತು. ಕ್ರಯಕ್ಕೂ ಸಾಲಕ್ಕೂ ಅದು ಸಾಲದು, ಬೆಳೆವಿಮೆಗೋ ಸಬ್ಸಿಡಿ ಅರ್ಜಿಗೋ ಸಾಕಾಗುತ್ತದೆ. ಭೂಮಿಯ ಆರಂಭದ ತಾಲ್ಲೂಕು ಸರ್ವರ್‌ನ ಒಳ್ಳೆಯ ಗುಣವನ್ನು ಅದರ ಕೆಟ್ಟ ಗುಣವಿಲ್ಲದೆ ಮರಳಿ ಪಡೆಯುವ ದಾರಿ ಇದು.

ಎರಡನೆಯ ತಂತಿಯ ವಿಷಯದಲ್ಲೂ ಡೇಟಾ ಸೆಂಟರ್‌ಗೆ ಅನ್ವಯಿಸುವ ನಿಯಮವೇ ಅನ್ವಯಿಸುತ್ತದೆ: ಮೊದಲನೆಯದು ಹೋದ ಕಾರಣಕ್ಕೆ ಅದೂ ಹೋಗುವಂತಿರಬಾರದು. ಒಂದೇ ರಸ್ತೆಯ ಎಡಕ್ಕೊಂದು ಬಲಕ್ಕೊಂದು ಕಂಪನಿಯ ಕೇಬಲ್ ಇದ್ದರೆ ಬಿಲ್ಲು ಎರಡು ಬರುತ್ತದೆ, ಧರೆ ಕುಸಿದಾಗ ಎರಡೂ ಒಟ್ಟಿಗೆ ಹೋಗುತ್ತವೆ. ಶೃಂಗೇರಿಗೆ ಒಂದು ಕೊಪ್ಪದ ಕಡೆಯಿಂದ ಬಂದರೆ ಇನ್ನೊಂದು ಕೆರೆಕಟ್ಟೆಯ ಮೇಲೆ ಕಾರ್ಕಳದ ಕಡೆಯಿಂದ ಬರಬೇಕು. ನರಸಿಂಹರಾಜಪುರಕ್ಕೆ ಬಾಳೆಹೊನ್ನೂರಿನ ದಾರಿಯ ಜೊತೆಗೆ ಶಿವಮೊಗ್ಗದ ದಾರಿಯಿಂದ ಒಂದು ಬೇಕು. ಕೊಪ್ಪಕ್ಕೆ ತೀರ್ಥಹಳ್ಳಿಯ ಕಡೆಯಿಂದ ಎರಡನೆಯದು ಬರಬಹುದು.